ನಂಬಿಕೆಗೂ ಒಂದು ಪಟ್ಟಿ ಬೇಕು

ಆದಿ ಸಭೆ ಅಂದ ತಕ್ಷಣ ನಮ್ಮ ಕಣ್ಮುಂದೆ ಬರೋದು ಏನು? ಪಂಚಾಶತ್ತಮ ದಿನದ ಬೆಂಕಿಯ ನಾಲಿಗೆಗಳು, ಸೆರೆಮನೆಯಿಂದ ಪೇತ್ರನನ್ನು ಬಿಡಿಸಿದ ದೂತ, ಪ್ರಾಣ ಕೊಟ್ಟ ಹುತಾತ್ಮರು. ಎಲ್ಲವೂ ದೊಡ್ಡ ಸಂಗತಿಗಳೇ. ಆದರೆ ಅಪೊಸ್ತಲರ ಕೃತ್ಯಗಳು ಪುಸ್ತಕದಲ್ಲಿ ನನ್ನನ್ನು ಪ್ರತಿ ಸಲ ನಿಲ್ಲಿಸೋದು ಆರನೇ ಅಧ್ಯಾಯದ ಒಂದು ಸಣ್ಣ ಜಗಳ. ಅದೂ ಊಟದ ವಿಷಯಕ್ಕೆ!

ಯೆರೂಸಲೇಮಿನ ಸಭೆ ಬಡ ವಿಧವೆಯರಿಗೆ ದಿನವೂ ಆಹಾರ ಹಂಚುತ್ತಿತ್ತು. ಅಲ್ಲಿ ಸ್ಥಳೀಯ ಭಾಷೆ ಆಡುವವರೂ ಇದ್ದರು, ಗ್ರೀಕ್ ಆಡುವ ಯೆಹೂದ್ಯರೂ ಇದ್ದರು. 'ನಮ್ಮ ವಿಧವೆಯರನ್ನು ಕಡೆಗಣಿಸ್ತಿದ್ದಾರೆ' ಅಂತ ಗ್ರೀಕ್ ಭಾಷೆಯವರು ಗೊಣಗಿದರು.

ಅಪೊಸ್ತಲರು ಗೊಣಗಿದವರ ಬಾಯಿ ಮುಚ್ಚಿಸಲಿಲ್ಲ. 'ಪ್ರಾರ್ಥನೆ ಮಾಡಿ, ಸರಿಹೋಗುತ್ತೆ' ಅಂತ ಕಳಿಸಿಬಿಡಲೂ ಇಲ್ಲ. ಒಳ್ಳೆಯ ಹೆಸರಿರುವ ಏಳು ಮಂದಿಯನ್ನು ನೀವೇ ಆರಿಸಿ ಅಂದರು. ಸ್ತೆಫನ, ಫಿಲಿಪ್ಪ, ಪ್ರೊಖೋರ... ಆರಿಸಿದ ಏಳೂ ಹೆಸರುಗಳು ಗ್ರೀಕ್ ಹೆಸರುಗಳೇ. ಯಾರಿಗೆ ನೋವಾಗಿತ್ತೋ ಅವರ ಭಾಷೆ ಬಲ್ಲವರ ಕೈಗೇ ಸೌಟು ಹೋಗಿರಬೇಕು. ಊಟ ಬಡಿಸುವ ಈ ಕೆಲಸಕ್ಕೂ ಅವರ ಮೇಲೆ ಕೈಯಿಟ್ಟು ಪ್ರಾರ್ಥಿಸಿದರು, ಗಮನಿಸಿ.

ವಾರಕ್ಕೊಮ್ಮೆ ಎತ್ತಿಟ್ಟ ಹಣ

ಚಕ್ರವರ್ತಿ ಕ್ಲೌದ್ಯನ ಕಾಲದಲ್ಲಿ ಬರ ಬಂದಾಗ ಅಂತಿಯೋಕ್ಯದ ವಿಶ್ವಾಸಿಗಳು ತಮ್ಮ ತಮ್ಮ ಶಕ್ತಿಗೆ ತಕ್ಕಷ್ಟು ಹಣ ಕೂಡಿಸಿ, ಬಾರ್ನಬ ಮತ್ತು ಸೌಲನ ಕೈಯಲ್ಲಿ ಯೂದಾಯಕ್ಕೆ ಕಳಿಸಿದರು. ಅದನ್ನು ಪಡೆದವರಲ್ಲಿ ಹೆಚ್ಚಿನವರ ಮುಖವನ್ನೂ ಅವರು ನೋಡಿರಲಿಕ್ಕಿಲ್ಲ.

ಮುಂದೆ ಇದೇ ಸೌಲ, ಅಂದರೆ ಪೌಲ, ಕೊರಿಂಥದವರಿಗೆ ಬರೆದ: ನಾನು ಬಂದಾಗ ಓಡಾಡಿ ಹಣ ಕೂಡಿಸಬೇಡಿ, ಪ್ರತಿ ವಾರದ ಮೊದಲ ದಿನ ಆದಾಯಕ್ಕೆ ತಕ್ಕಂತೆ ಎತ್ತಿಡಿ ಅಂತ. ನಮ್ಮ ಭಾಷೆಯಲ್ಲಿ ಹೇಳೋದಾದರೆ ಪಕ್ಕಾ ಎಸ್‌ಐಪಿ! ಹಣದ ಬಗ್ಗೆ ಯಾರೂ ಬೆರಳು ತೋರಿಸಬಾರದು ಅಂತ ಜೊತೆಗೆ ಬೇರೆ ನಂಬಿಗಸ್ತರನ್ನೂ ಕಳಿಸುವ ವ್ಯವಸ್ಥೆ ಮಾಡಿದ.

ಸುಮಾರು 155ರಲ್ಲಿ ರೋಮ್‌ನಲ್ಲಿದ್ದ ಜಸ್ಟಿನ್, ಭಾನುವಾರದ ಕಾಣಿಕೆ ಎಲ್ಲಿಗೆ ಹೋಗುತ್ತೆ ಅಂತ ವಿವರಿಸಿದ್ದಾನೆ: ಅನಾಥರು, ವಿಧವೆಯರು, ರೋಗಿಗಳು, ಸೆರೆಯಲ್ಲಿದ್ದವರು, ಪರಸ್ಥಳದಿಂದ ಬಂದವರು. ಸುಮಾರು 251ರ ಹೊತ್ತಿಗೆ ರೋಮ್‌ನ ಸಭೆ 1,500ಕ್ಕೂ ಹೆಚ್ಚು ವಿಧವೆಯರನ್ನೂ ಕಷ್ಟದಲ್ಲಿದ್ದವರನ್ನೂ ಸಾಕುತ್ತಿತ್ತು ಅಂತ ಅಲ್ಲಿನ ಬಿಷಪ್ ಕೊರ್ನೇಲಿಯಸ್ ಪತ್ರದಲ್ಲಿ ಬರೆದಿದ್ದಾನೆ. ಅಷ್ಟು ಜನರನ್ನು ಬರೀ ಭಾವನೆಯಿಂದ ಸಾಕೋಕಾಗುತ್ತಾ? ಯಾರೋ ಲೆಕ್ಕ ಇಟ್ಟಿರಬೇಕು, ಯಾರೋ ಬಾಗಿಲು ತಟ್ಟಿರಬೇಕು.

ಅವರೇನೂ ದೇವದೂತರಲ್ಲ. ಕೊರಿಂಥದಲ್ಲಿ ಉಳ್ಳವರು ಮೊದಲೇ ಉಂಡು ಮುಗಿಸಿ, ಬಡವರು ಹಸಿದುಕೊಂಡಿರುತ್ತಿದ್ದರು. ಪೌಲ ಅವರನ್ನು ಚೆನ್ನಾಗಿಯೇ ತರಾಟೆಗೆ ತೆಗೆದುಕೊಂಡ. ಅವರ ತಪ್ಪು ಬಚ್ಚಿಡದೆ ಬರೆದಿಟ್ಟಿರೋದರಿಂದಲೇ ನನಗೆ ಧೈರ್ಯ ಬರುತ್ತೆ.

ನಮ್ಮ ಬುಧವಾರ

ಈಗ ನಮ್ಮ ವಾಟ್ಸ್‌ಆ್ಯಪ್ ಗುಂಪುಗಳನ್ನು ನೋಡಿ. 'ಅಮ್ಮ ಐಸಿಯುನಲ್ಲಿದ್ದಾರೆ' ಅಂತ ಯಾರಾದರೂ ಹಾಕಿದರೆ ಹತ್ತು ನಿಮಿಷದಲ್ಲಿ ನಲವತ್ತು ಕೈಮುಗಿದ ಎಮೋಜಿ. ಪ್ರೀತಿ ಖಂಡಿತ ಇದೆ. ಆದರೆ ಇವತ್ತು ರಾತ್ರಿ ಆಸ್ಪತ್ರೆಯ ಬೆಂಚಿನ ಮೇಲೆ ಕೂರೋದು ಯಾರು?

ಬೆಂಗಳೂರಿನ ನಮ್ಮ ಐದು ಮನೆಗಳ ಪ್ರಾರ್ಥನಾ ಗುಂಪು ಕಳೆದ ವರ್ಷ ಒಂದು ಪಟ್ಟಿ ಮಾಡಿತು. ಒಂಟಿಯಾಗಿರುವ ಹಿರಿಯರು, ಡಯಾಲಿಸಿಸ್‌ಗೆ ಹೋಗುವವರು, ಕೆಲಸ ಕಳೆದುಕೊಂಡವರು. ಪ್ರತಿ ಹೆಸರಿನ ಮುಂದೆ ಒಂದು ವಾರ, ಹೋಗಬೇಕಾದ ಇಬ್ಬರ ಹೆಸರು. ಇಬ್ಬರು ಯಾಕೆ ಅಂದ್ರೆ ಒಬ್ಬರಿಗೆ ಆಫೀಸಿನಲ್ಲಿ ಡೆಡ್‌ಲೈನ್ ಇದ್ದೇ ಇರುತ್ತೆ.

ನನ್ನ ಪಾಲಿಗೆ ಬಂದದ್ದು ತಮಿಳು ಮಾತ್ರ ಬರುವ ಒಬ್ಬ ಅಜ್ಜಿ. ನನ್ನ ತಮಿಳು ಕೇಳಿ ಅವರಿಗೆ ಮೊದಲು ನಗು. ಮಾತ್ರೆಯ ಡಬ್ಬಿ ತುಂಬಿಸೋದು, ಗ್ಯಾಸ್ ಬುಕ್ ಮಾಡೋದು, ಸ್ವಲ್ಪ ಹೊತ್ತು ಕೂರೋದು, ಇಷ್ಟೇ ಕೆಲಸ. ಒಂದು ದಿನ ಅವರೇ ಅಂದರು: 'ಪ್ರಾರ್ಥನೆ ಎಲ್ಲರೂ ಮಾಡ್ತಾರಪ್ಪ. ಬುಧವಾರ ಅಂದ್ರೆ ಮಾತ್ರ ನಾನು ಬಾಗಿಲ ಕಡೆ ನೋಡ್ತೀನಿ.'

ಆದಿ ಸಭೆಯವರ ನಂಬಿಕೆ ಸಕ್ರಿಯವಾಗಿ ಉಳಿದದ್ದು ಹೀಗೇ ಅಂತ ನನಗನ್ನಿಸುತ್ತೆ. ಮನಸ್ಸು ಬಂದಾಗ ಮಾಡೋಣ ಅಂತ ಅವರು ಬಿಡಲಿಲ್ಲ. ದಿನ ಗೊತ್ತುಮಾಡಿದರು, ಆಳು ಗೊತ್ತುಮಾಡಿದರು, ದೂರು ಬಂದಾಗ ಕಿವಿಗೊಟ್ಟರು.

ಈ ಭಾನುವಾರ ಆರಾಧನೆ ಮುಗಿದ ಮೇಲೆ ಬೈಕ್ ಸ್ಟಾರ್ಟ್ ಮಾಡೋ ಮೊದಲು ನಿಮ್ಮ ಸಭಾಪಾಲಕರನ್ನು ಒಂದೇ ಪ್ರಶ್ನೆ ಕೇಳಿ: 'ನಮ್ಮಲ್ಲಿ ಯಾರನ್ನು ಯಾರೂ ನೋಡೋಕೆ ಹೋಗ್ತಿಲ್ಲ?' ಒಂದು ಹೆಸರು ಸಿಕ್ಕೇ ಸಿಗುತ್ತೆ. ಫೋನಿನ ಕ್ಯಾಲೆಂಡರ್ ತೆಗೆದು, ವಾರದ ಒಂದು ದಿನದ ಮೇಲೆ ಆ ಹೆಸರು ಬರೆದುಕೊಳ್ಳಿ.