ಭರವಸೆಗೂ ಬೇಕು ಬಿತ್ತನೆ ಬೀಜ

ಕನ್ನಡದ ‘ಭರವಸೆ’ ಎಂಬ ಪದಕ್ಕೆ ಎರಡು ಮುಖಗಳಿವೆ. ಒಂದು, ಚುನಾವಣೆ ಬಂದಾಗ ವೇದಿಕೆಯ ಮೇಲಿಂದ ನಮಗೆ ಕೊಡುವಂಥದ್ದು. ಇನ್ನೊಂದು, ಯಾರೂ ಏನೂ ಕೊಡದಿದ್ದಾಗಲೂ ಮನುಷ್ಯನ ಒಳಗೆ ಉಳಿಯುವಂಥದ್ದು. ಈ ಎರಡನೆಯದನ್ನು ನಾನು ಮೊದಲು ಕಂಡದ್ದು ಚಳ್ಳಕೆರೆ ಸೀಮೆಯ ನಮ್ಮ ಹೊಲದಲ್ಲಿ.

2003ರಲ್ಲಿ ರಾಜ್ಯಕ್ಕೆ ಸತತ ಮೂರನೆಯ ಬರ. ಅಪ್ಪ ಸಾಲ ತಂದು ಬಿತ್ತಿದ್ದ ಶೇಂಗಾ ಹೂವಿಗೆ ಬರುವ ಮೊದಲೇ ಒಣಗಿತು. ಎರಡು ದಿನ ಅವರು ಯಾರೊಡನೆಯೂ ಮಾತನಾಡಲಿಲ್ಲ. ಮೂರನೆಯ ಬೆಳಿಗ್ಗೆ ಎತ್ತು ಹೂಡಿ ಹೊಲ ಹಸನು ಮಾಡತೊಡಗಿದರು. ಇನ್ನೇನು ಬಿತ್ತುತ್ತೀಯ ಎಂದು ಕೇಳಿದೆ. ‘ಉತ್ತರೆ ಒಂದು ಹದ ಬಂದ್ರೆ ಹುರುಳಿಗೆ ಸಾಕು’ ಎಂದರು.

ಅಮೆರಿಕದ ಮನಶ್ಶಾಸ್ತ್ರಜ್ಞ ಸಿ.ಆರ್. ಸ್ನೈಡರ್ 1994ರಲ್ಲಿ ಪ್ರಕಟಿಸಿದ ‘ದಿ ಸೈಕಾಲಜಿ ಆಫ್ ಹೋಪ್’ ಕೃತಿಯ ವಿಚಾರಗಳನ್ನು ಬಹುಕಾಲದ ನಂತರ ಓದಿದಾಗ ನನಗೆ ನೆನಪಾದದ್ದು ಆ ಬೆಳಗು. ಅವರ ಪ್ರಕಾರ ಭರವಸೆ ಬರಿಯ ಹಾರೈಕೆಯಲ್ಲ. ಅದಕ್ಕೊಂದು ಗುರಿ ಬೇಕು, ಗುರಿ ಮುಟ್ಟುವ ದಾರಿಗಳು ಕಾಣಬೇಕು, ಆ ದಾರಿಯಲ್ಲಿ ನಡೆಯಬಲ್ಲೆನೆಂಬ ಛಲವಿರಬೇಕು. ಒಂದು ದಾರಿ ಮುಚ್ಚಿದಾಗ ಇನ್ನೊಂದನ್ನು ಅರಸುವುದೇ ಭರವಸೆಯ ಲಕ್ಷಣ. ಬಾರ್ಬರಾ ಫ್ರೆಡ್ರಿಕ್ಸನ್ ಎಂಬ ಮನಶ್ಶಾಸ್ತ್ರಜ್ಞೆ ಮತ್ತೊಂದು ಅಂಶ ಸೇರಿಸುತ್ತಾರೆ: ಹಿತಕರ ಭಾವನೆಗಳಲ್ಲಿ ಬಹುಪಾಲು ನೆಮ್ಮದಿಯ ಗಳಿಗೆಯಲ್ಲಿ ಮೂಡಿದರೆ, ಭರವಸೆ ಸಂಕಷ್ಟದ ನಡುವೆಯೇ, ಕೇಡಿನ ಭಯವನ್ನು ಬಲ್ಲ ಮನಸ್ಸಿನಲ್ಲೇ ಹುಟ್ಟುತ್ತದೆ. ಅಪ್ಪನ ಎರಡು ದಿನಗಳ ಮೌನವೂ ಆ ಭರವಸೆಯ ಭಾಗವೇ ಆಗಿತ್ತೆಂದು ಈಗ ಅನ್ನಿಸುತ್ತದೆ.

ಆದರೆ ಭರವಸೆಯನ್ನು ಹೊಗಳುವ ಭರದಲ್ಲಿ ನಾವು ಕ್ರೂರಿಗಳಾಗಬಾರದು. ಅದೇ ಬರಗಾಲದಲ್ಲಿ ರಾಜ್ಯದ ಅನೇಕ ರೈತರು ಪ್ರಾಣ ಕಳೆದುಕೊಂಡರು. ಅವರಿಗೆ ಆತ್ಮಸ್ಥೈರ್ಯ ಇರಲಿಲ್ಲವೆಂದು ತೀರ್ಪು ಕೊಡುವುದು ಅನ್ಯಾಯ. ಅಪ್ಪನ ಬಳಿ ಗಡಿಗೆಯಲ್ಲಿ ಎತ್ತಿಟ್ಟ ಹುರುಳಿ ಬೀಜವಿತ್ತು, ಮಾರದೆ ಉಳಿಸಿಕೊಂಡ ಎತ್ತುಗಳಿದ್ದವು, ಸಾಲ ಕೊಟ್ಟವರು ಒಂದು ವರ್ಷ ಕಾಯಲು ಒಪ್ಪಿದ್ದರು. ಇವುಗಳಲ್ಲಿ ಒಂದು ತಪ್ಪಿದ್ದರೂ ಅವರ ಛಲಕ್ಕೆ ಕಾಲೂರಲು ನೆಲವಿರುತ್ತಿರಲಿಲ್ಲ. ಛಲ ವ್ಯಕ್ತಿಯದು, ನಿಜ. ದಾರಿಯನ್ನು ತೆರೆದಿಡಬೇಕಾದದ್ದು ಸಮಾಜ ಮತ್ತು ಸರ್ಕಾರ. ಸಕಾಲಕ್ಕೆ ಬೀಜ, ಸಾಲಕ್ಕೆ ಗಡುವು, ಬೆಳೆ ವಿಮೆಯ ಹಣ ಕೈಸೇರದಿದ್ದರೆ ಧೈರ್ಯ ಹೇಳುವ ಮಾತುಗಳು ಹೊಟ್ಟು ತೂರಿದಂತೆ.

ಆ ವರ್ಷದ ಹುರುಳಿ ನಮ್ಮ ಸಾಲ ತೀರಿಸಲಿಲ್ಲ. ಎತ್ತುಗಳಿಗೆ ಹೊಟ್ಟು, ಮನೆಗೆ ಸಾರು ಒದಗಿಸಿತು. ಮಿಕ್ಕದ್ದನ್ನು ಅವ್ವ ಬೂದಿ ಬೆರೆಸಿ, ಮರುವರ್ಷದ ಬೀಜಕ್ಕೆಂದು ಅದೇ ಗಡಿಗೆಗೆ ತುಂಬಿದಳು.