ಮೋಟಾರಿನ ಕಣ್ಣಿಗೆ ಬಂದ ಪೊರೆ

ಮನುಷ್ಯನ ಕಣ್ಣಿಗೆ ಪೊರೆ ಬರುವುದು ಒಂದೇ ದಿನದಲ್ಲಲ್ಲ. ದೃಷ್ಟಿ ದಿನದಿಂದ ದಿನಕ್ಕೆ ಮಂದವಾಗುತ್ತಿದ್ದರೂ ಬಹುಕಾಲ ಅದು ಅವನ ಅರಿವಿಗೇ ಬರುವುದಿಲ್ಲ. ಮೋಟಾರು ಕಾರಿನ ಮುಂಭಾಗದ ದೀಪಗಳ ಕಥೆಯೂ ಇಂಥದೇ. ಕೊಂಡ ಹೊಸದರಲ್ಲಿ ಸ್ಫಟಿಕದಂತೆ ಹೊಳೆಯುತ್ತಿದ್ದ ದೀಪದ ಮುಖ ಕೆಲವು ವರ್ಷಗಳಲ್ಲಿ ಮಜ್ಜಿಗೆ ಕುಡಿದಿಟ್ಟ ಲೋಟದಂತೆ ಮಬ್ಬಾಗಿ, ಬರಬರುತ್ತ ಹಳದಿಗೆ ತಿರುಗುತ್ತದೆ. ಹಗಲಿನಲ್ಲಿ ಕಂಡವರು ಗಾಡಿಗೆ ವಯಸ್ಸಾಯಿತೆಂದು ಸುಮ್ಮನಾಗುತ್ತಾರೆ. ಅದರ ನಿಜವಾದ ಹಾನಿ ತಿಳಿಯುವುದು ಕತ್ತಲೆಯ ದಾರಿಯಲ್ಲಿ, ದೀಪವಿಲ್ಲದ ಸೈಕಲ್ಲೋ ರಸ್ತೆ ದಾಟುವ ಪಾದಚಾರಿಯೋ ತೀರ ಹತ್ತಿರಕ್ಕೆ ಬಂದ ಮೇಲಷ್ಟೇ ಕಣ್ಣಿಗೆ ಬಿದ್ದಾಗ.

ಈ ಹಾನಿ ಅಲ್ಪವಾದುದಲ್ಲ. ಅಮೆರಿಕದ ವಾಹನ ಸಂಘವಾದ ಎ.ಎ.ಎ. 2018ರಲ್ಲಿ ಪ್ರಕಟಿಸಿದ ಪರೀಕ್ಷೆಯ ಪ್ರಕಾರ, ಹೀಗೆ ಮಬ್ಬಾಗಿ ಹಳದಿಗಟ್ಟಿದ ದೀಪಗಳು ಹೊಸ ದೀಪದ ಬೆಳಕಿನಲ್ಲಿ ಶೇಕಡಾ 20ರಷ್ಟನ್ನು ಮಾತ್ರ ಬೀರಬಲ್ಲವು. ಅವನ್ನು ಉಜ್ಜಿ ಸರಿಪಡಿಸಿದಾಗ ಬೆಳಕು ಸುಮಾರು ಶೇಕಡಾ 70ರವರೆಗೆ ಮರಳಿತು. ಹೊಸ ದೀಪದ ಜೋಡಿಗೆ ಸಾವಿರಾರು ರೂಪಾಯಿ ತೆರಬೇಕಾದ ಗೃಹಸ್ಥನಿಗೆ ಇದು ನೆಮ್ಮದಿಯ ಸುದ್ದಿ. ರಜೆಯ ದಿನದ ಒಂದೆರಡು ಗಂಟೆಗಳಲ್ಲಿ ಈ ಕೆಲಸವನ್ನು ಮನೆಯ ಅಂಗಳದಲ್ಲಿಯೇ ಮಾಡಿಕೊಳ್ಳಬಹುದು.

ಗಾಜು ಹೋಗಿ ಪ್ಲಾಸ್ಟಿಕ್ ಬಂತು

ಅಂಬಾಸಡರ್, ಪ್ರೀಮಿಯರ್ ಪದ್ಮಿನಿ ಗಾಡಿಗಳ ಕಾಲದ ಗುಂಡು ದೀಪಗಳಿಗೆ ಈ ಕಾಯಿಲೆ ಇರಲಿಲ್ಲ. ಅವುಗಳ ಮುಖ ಗಾಜಿನದು. ಕಲ್ಲು ಬಡಿದರೆ ಗಾಜು ಒಡೆದೀತೇ ಹೊರತು ಬಿಸಿಲಿಗೆ ಹಳದಿಯಾಗುತ್ತಿರಲಿಲ್ಲ.

ಇಂದಿನ ದೀಪಗಳ ಮುಖ ಪಾಲಿಕಾರ್ಬೊನೇಟ್ ಎಂಬ ಪ್ಲಾಸ್ಟಿಕ್ಕಿನದು. ಜರ್ಮನಿಯ ಬೇಯರ್ ಕಂಪೆನಿಯಲ್ಲಿ ಹರ್ಮನ್ ಶ್ನೆಲ್, ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪೆನಿಯಲ್ಲಿ ಡೇನಿಯಲ್ ಫಾಕ್ಸ್, ಹೀಗೆ ಇಬ್ಬರು ವಿಜ್ಞಾನಿಗಳು ಒಬ್ಬರನ್ನೊಬ್ಬರು ಅರಿಯದೆ 1953ರಲ್ಲಿಯೇ ಇದನ್ನು ಕಂಡುಹಿಡಿದರು. ಗಾಜಿನ ಅರ್ಧದಷ್ಟು ತೂಕ, ಪೆಟ್ಟಿಗೆ ಸುಲಭವಾಗಿ ಒಡೆಯದ ಗಟ್ಟಿತನ, ಬೇಕಾದ ಆಕಾರಕ್ಕೆ ಒಗ್ಗುವ ಗುಣ ಇವೆಲ್ಲ ಅದರಲ್ಲಿದ್ದುವು. 1983ರಲ್ಲಿ ಅಮೆರಿಕದ ಕಾನೂನು ಬಲ್ಬನ್ನು ಮಾತ್ರ ಬದಲಿಸಬಹುದಾದ ಹೊಸ ಬಗೆಯ ದೀಪಗಳಿಗೆ ಒಪ್ಪಿಗೆ ಕೊಟ್ಟಿತು. 1984ರ ಮಾದರಿಯ ಲಿಂಕನ್ ಮಾರ್ಕ್ 7 ಅಲ್ಲಿ ಅಂಥ ದೀಪಗಳನ್ನು ಧರಿಸಿದ ಮೊದಲ ಕಾರು. ಕ್ರಮೇಣ ಜಗತ್ತಿನ ಬಹುತೇಕ ಗಾಡಿಗಳಲ್ಲಿ ಗಾಜಿನ ಸ್ಥಾನವನ್ನು ಪ್ಲಾಸ್ಟಿಕ್ ಆಕ್ರಮಿಸಿತು.

ಪೊರೆ ಬರುವ ಬಗೆ

ಈ ಪ್ಲಾಸ್ಟಿಕ್ಕಿಗೆ ಎರಡು ದೌರ್ಬಲ್ಯಗಳುಂಟು. ಪೆಟ್ಟನ್ನು ತಾಳಿಕೊಂಡರೂ ಅದರ ಮೈಮೇಲೆ ಬೇಗ ಗೀರು ಬೀಳುತ್ತದೆ. ಅಲ್ಲದೆ ಬಿಸಿಲಿನಲ್ಲಿರುವ ಅತಿನೇರಳೆ ಕಿರಣಗಳು ಅದರ ಅಣುಗಳ ಕಟ್ಟನ್ನು ಸಡಿಲಿಸಿ ಬಣ್ಣ ಕೆಡಿಸುತ್ತವೆ. ಇದನ್ನು ಬಲ್ಲ ತಯಾರಕರು ದೀಪದ ಹೊರಮೈಗೆ ತೆಳುವಾದ, ಗಟ್ಟಿಯಾದ, ಪಾರದರ್ಶಕವಾದ ಕವಚವೊಂದನ್ನು ಹಚ್ಚಿರುತ್ತಾರೆ. ವರ್ಷಗಟ್ಟಲೆ ಬಿಸಿಲು, ಧೂಳು, ಮಳೆಗಳ ಹೊಡೆತಕ್ಕೆ ಸಿಕ್ಕಿ ಆ ಕವಚ ಸವೆದು ಬಿರಿಯುತ್ತದೆ. ನೆರಳಿಲ್ಲದ ಬೀದಿಯಲ್ಲಿ ದಿನವಿಡೀ ನಿಲ್ಲುವ ಗಾಡಿಗೆ ಈ ಗತಿ ಬೇಗನೆ ಒದಗುತ್ತದೆ.

ಬಿರಿದ ಮೈಯಿಂದ ಬೆಳಕು ನೇರವಾಗಿ ಹೊರಬರಲಾರದು. ಅದರಲ್ಲಿ ಒಂದು ಪಾಲು ದಾರಿ ತಪ್ಪಿ ಎಲ್ಲ ಕಡೆಗೂ ಚೆದರುತ್ತದೆ. ಗಾಡಿ ನಡೆಸುವವನಿಗೆ ದಾರಿ ಕಾಣದು. ಎದುರು ಬರುವವನಿಗೋ ಕಣ್ಣು ಕುಕ್ಕುತ್ತದೆ. ಹೆಚ್ಚು ವಾಟಿನ ಬಲ್ಬನ್ನು ಹಾಕಿಸುವುದರಿಂದ ಈ ದೋಷ ನೀಗುವುದಿಲ್ಲ. ಚೆದರುವ ಬೆಳಕೂ ಒಳಗಿನ ಕಾವೂ ಹೆಚ್ಚುತ್ತವೆ, ಅಷ್ಟೆ.

ಮೊದಲು ಪರೀಕ್ಷೆ

ಕೆಲಸಕ್ಕೆ ಕೈಹಾಕುವ ಮುನ್ನ ದೋಷ ಹೊರಗಿದೆಯೋ ಒಳಗಿದೆಯೋ ತಿಳಿಯಬೇಕು. ಅದಕ್ಕೆ ಒಂದು ಚೊಂಬು ನೀರು ಸಾಕು. ತೊಳೆದು ಒಣಗಿಸಿದ ದೀಪದ ಮೇಲೆ ನೀರು ಸುರಿದೊಡನೆ ಮಬ್ಬು ಮಾಯವಾಗಿ, ಆರಿದ ಮೇಲೆ ಮತ್ತೆ ಕಾಣಿಸಿಕೊಂಡರೆ ದೋಷ ಹೊರಮೈಯದು. ನೀರು ಅಲ್ಲಿನ ಸೂಕ್ಷ್ಮ ಬಿರುಕುಗಳನ್ನು ತುಂಬುವುದರಿಂದ ಹೀಗಾಗುತ್ತದೆ. ನೀರು ಹಾಕಿದರೂ ಮಬ್ಬು ಹಾಗೆಯೇ ಉಳಿದರೆ, ಒಳಗೆ ನೀರಿನ ಹನಿಗಳು ಕಂಡರೆ, ಇಲ್ಲವೆ ಹಿಂದಿನ ಬೆಳ್ಳಿಬಣ್ಣದ ಪ್ರತಿಫಲಕವೇ ಸುಟ್ಟು ಕಂದಿದ್ದರೆ ಹೊರಗಿನ ಉಪಚಾರದಿಂದ ಪ್ರಯೋಜನವಿಲ್ಲ.

ಪೊರೆ ತೆಗೆಯುವ ಕ್ರಮ

ದೀಪವನ್ನು ಸಾಬೂನು ನೀರಿನಿಂದ ಚೆನ್ನಾಗಿ ತೊಳೆದು, ಸುತ್ತಲಿನ ಬಣ್ಣಕ್ಕೆ ಗೀರು ಬೀಳದಂತೆ ಮಾಸ್ಕಿಂಗ್ ಟೇಪನ್ನು ಎರಡು ಸುತ್ತು ಅಂಟಿಸಬೇಕು. ಆಮೇಲೆ ಬೇಕಾಗುವುದು ಪೇಂಟಿನ ಅಂಗಡಿಗಳಲ್ಲಿ ಸಿಗುವ ವಾಟರ್ ಪೇಪರ್. ಹಿಂಬದಿಯ ಅಂಕಿ ಹೆಚ್ಚಿದಷ್ಟೂ ಕಾಗದ ನಯ. ಮಬ್ಬು ದಟ್ಟವಾಗಿದ್ದರೆ 800ರಿಂದ, ತೆಳುವಾಗಿದ್ದರೆ 1000ದಿಂದ ಆರಂಭಿಸಿ 1500, 2000, 3000 ಎಂದು ಮೇಲೇರಬೇಕು. ಕಾಗದವನ್ನು ನೀರಿನಲ್ಲಿ ನೆನೆಸಿ, ದೀಪದ ಮೇಲೂ ನೀರು ಬಿಡುತ್ತ, ಹಗುರವಾಗಿ ಉಜ್ಜಬೇಕು. ಒಂದು ಕಾಗದದಿಂದ ಅಡ್ಡಲಾಗಿ ಉಜ್ಜಿದರೆ ಮುಂದಿನದರಿಂದ ಉದ್ದಕ್ಕೆ ಉಜ್ಜುವುದು ಜಾಣತನ. ಹಿಂದಿನ ಗೀರುಗಳೆಲ್ಲ ಅಳಿದುವೋ ಇಲ್ಲವೋ ಆಗ ಸ್ಪಷ್ಟವಾಗುತ್ತದೆ.

ಮೊದಲ ಕಾಗದದ ಕೆಲಸ ಮುಗಿದಾಗ ದೀಪ ಮೊದಲಿಗಿಂತಲೂ ಕೆಟ್ಟದಾಗಿ, ಪೂರ್ತಿ ಬೆಳ್ಳಗೆ ಕಾಣುವುದು. ಅನೇಕರು ಇಲ್ಲಿ ಗಾಬರಿಯಾಗಿ ಕೆಲಸ ಕೈಬಿಡುತ್ತಾರೆ. ಗಾಬರಿಗೆ ಕಾರಣವಿಲ್ಲ. ಹಳದಿ ಕಲೆಗಳೆಲ್ಲ ಹೋಗಿ ಮೈಯೆಲ್ಲ ಒಂದೇ ಸಮನಾದ ಬಿಳುಪು ಬಂದರೆ ಕೆಲಸ ಸರಿಯಾಗಿ ನಡೆದಿದೆಯೆಂದೇ ಅರ್ಥ. ಮುಂದಿನ ಕಾಗದಗಳು ಆ ಬಿಳುಪನ್ನು ತಿಳಿಗೊಳಿಸುತ್ತವೆ. ಕೊನೆಗೆ ಮೆತ್ತನೆಯ ಬಟ್ಟೆಯಲ್ಲಿ ರಬ್ಬಿಂಗ್ ಕಾಂಪೌಂಡ್ ಹಚ್ಚಿ ತಿಕ್ಕಿದರೆ ಹೊಳಪು ಮರಳುವುದು.

ಹೊಸ ಕವಚ

ಬಹುಮಂದಿ ಇಷ್ಟಕ್ಕೇ ತೃಪ್ತರಾಗುತ್ತಾರೆ, ಎಡವುವುದೂ ಇಲ್ಲಿಯೇ. ಉಜ್ಜಿದಾಗ ಹೋದದ್ದು ಕೊಳೆ ಮಾತ್ರವಲ್ಲ, ಅಳಿದುಳಿದ ಹಳೆಯ ಕವಚವೂ ಅದರೊಂದಿಗೆ ಹೋಗಿರುತ್ತದೆ. ಪೊರೆ ತೆಗೆದ ಕಣ್ಣನ್ನು ಕಪ್ಪು ಕನ್ನಡಕವಿಲ್ಲದೆ ಬಿಸಿಲಿಗೆ ಒಡ್ಡಿದಂತೆ, ಬರಿಮೈಯ ಪ್ಲಾಸ್ಟಿಕ್ಕನ್ನು ಹಾಗೆಯೇ ಬಿಟ್ಟರೆ ಕೆಲವೇ ತಿಂಗಳುಗಳಲ್ಲಿ ಮತ್ತೆ ಹಳದಿಯಾಗುತ್ತದೆ. ಟೂತ್‌ಪೇಸ್ಟಿನಿಂದ ತಿಕ್ಕುವ ಪ್ರಸಿದ್ಧ ಉಪಾಯದ ಕೊರತೆಯೂ ಇದೇ. ಅದರಲ್ಲಿರುವ ನಯವಾದ ಪುಡಿ ತೆಳು ಮಬ್ಬನ್ನು ತೆಗೆದೀತು, ರಕ್ಷಣೆ ಕೊಡಲಾರದು. ಇನ್ನು ಕೆಲವರು ಸೊಳ್ಳೆ ಓಡಿಸುವ ದ್ರವವನ್ನು ಸಿಂಪಡಿಸುವುದುಂಟು. ಅದರಲ್ಲಿರುವ ಡೀಟ್ ಎಂಬ ವಸ್ತು ದೀಪದ ಮೇಲ್ಪದರವನ್ನೇ ಕರಗಿಸುತ್ತದೆ. ಆ ಕ್ಷಣಕ್ಕೆ ಕಾಣುವ ಹೊಳಪು ಮೋಸದ ಹೊಳಪು. ಪೆಟ್ರೋಲು, ಥಿನ್ನರುಗಳನ್ನೂ ದೂರವಿಡಬೇಕು.

ಆದುದರಿಂದ ದೀಪವನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ, ಆರಿದ ಮೇಲೆ ಅತಿನೇರಳೆ ಕಿರಣಗಳನ್ನು ತಡೆಯುವ, ಈ ದೀಪಗಳಿಗೆಂದೇ ತಯಾರಾದ ಪಾರದರ್ಶಕ ಲೇಪವನ್ನು ಹಚ್ಚಬೇಕು. ಒಂದೇ ಸಲಕ್ಕೆ ದಪ್ಪವಾಗಿ ಬಳಿದರೆ ಲೇಪ ಸೋರುವುದು. ನಡುನಡುವೆ ಆರಗೊಟ್ಟು ಎರಡು ಮೂರು ತೆಳು ಪದರಗಳನ್ನು ಕೊಡುವುದು ಮೇಲು. ಗಾಳಿ, ಧೂಳುಗಳಿಲ್ಲದ, ಮಳೆಯ ಮೋಡವಿಲ್ಲದ ದಿನವನ್ನೇ ಆರಿಸಿಕೊಂಡು, ಒಂದು ದಿನದ ಮಟ್ಟಿಗೆ ಗಾಡಿಯನ್ನು ಮುಟ್ಟದಿರಬೇಕು. ಲೇಪದ ಆವಿ ಶ್ವಾಸಕ್ಕೆ ಒಳ್ಳೆಯದಲ್ಲ. ಬಯಲಿನಲ್ಲಿ, ಡಬ್ಬಿಯ ಮೇಲೆ ಹೇಳಿರುವ ಮುಖವಾಡ ಧರಿಸಿ, ಮಕ್ಕಳನ್ನು ದೂರವಿರಿಸಿ ಕೆಲಸ ಮಾಡುವುದು ಕ್ಷೇಮ.

ಮನೆಯಲ್ಲಿ ಹಚ್ಚಿದ ಕವಚ ಕಾರ್ಖಾನೆಯದರಷ್ಟು ಬಾಳದಿರಬಹುದು. ಗಾಡಿಯನ್ನು ನೆರಳಿನಲ್ಲಿ ನಿಲ್ಲಿಸುವ ಅಭ್ಯಾಸವಿದ್ದರೆ ಅದರ ಆಯುಸ್ಸು ಹೆಚ್ಚುತ್ತದೆ. ಎಲ್ಲವೂ ಮುಗಿದ ಮೇಲೆ ಕತ್ತಲಾದಾಗ ಗಾಡಿಯನ್ನು ಗೋಡೆಗೆ ಎದುರಾಗಿ ನಿಲ್ಲಿಸಿ ದೀಪ ಹೊತ್ತಿಸಿ ನೋಡಬೇಕು. ಎರಡು ದೀಪಗಳ ಬೆಳಕೂ ಒಂದೇ ಎತ್ತರದಲ್ಲಿ, ಅಂಚು ಸ್ಪಷ್ಟವಾಗಿ ಬಿದ್ದಿದ್ದರೆ ಶ್ರಮ ಸಾರ್ಥಕ. ಒಂದು ಮೇಲಕ್ಕೋ ಪಕ್ಕಕ್ಕೋ ವಾಲಿದ್ದರೆ, ಮುಂದಿನ ರಾತ್ರಿಯ ಪ್ರಯಾಣಕ್ಕೆ ಮೊದಲು ಗ್ಯಾರೇಜಿನಲ್ಲಿ ಅದನ್ನು ಸರಿಹೊಂದಿಸಿಕೊಳ್ಳುವುದು ಅಗತ್ಯ.