ಹೃದಯದ ಕ್ಯಾನ್ಸರ್ ಗೆಡ್ಡೆಗಳ ಚಿತ್ರಣ ಪರೀಕ್ಷೆ

ಹೃದಯದ ಕ್ಯಾನ್ಸರ್ ಗೆಡ್ಡೆಗಳ ಚಿತ್ರಣ ಪರೀಕ್ಷೆ ಎಂಬುದು ಎಕೋ, ಸಿ.ಟಿ., ಎಂ.ಆರ್.ಐ. ಹಾಗೂ ಪೆಟ್ ಸ್ಕ್ಯಾನ್‌ಗಳ ನೆರವಿನಿಂದ ಹೃದಯದಲ್ಲಿ ಬೆಳೆದ ಗೆಡ್ಡೆಯನ್ನು ಪತ್ತೆಹಚ್ಚಿ ಅದರ ಸ್ವರೂಪವನ್ನು ತಿಳಿಯುವ ವಿಧಾನವಾಗಿದೆ. ಹೃದಯದಲ್ಲಿಯೇ ಹುಟ್ಟುವ ಗೆಡ್ಡೆಗಳು ಅತಿ ವಿರಳ. ಅವುಗಳಲ್ಲಿ ಸುಮಾರು ಮುಕ್ಕಾಲು ಪಾಲು ಕ್ಯಾನ್ಸರ್ ಅಲ್ಲದವು. ಉಳಿದವುಗಳಲ್ಲಿ ಹೆಚ್ಚಿನವು ಸಾರ್ಕೋಮಾ ಎಂಬ ಬಗೆಯ ಕ್ಯಾನ್ಸರ್. ಶ್ವಾಸಕೋಶ, ಸ್ತನ ಮುಂತಾದ ಅಂಗಗಳಿಂದ ಹೃದಯಕ್ಕೆ ಹರಡುವ ಕ್ಯಾನ್ಸರ್ ಇವುಗಳಿಗಿಂತ ಹಲವು ಪಟ್ಟು ಸಾಮಾನ್ಯ.

ಗುರುತಿಸುವಲ್ಲಿನ ತೊಡಕು

ಉಬ್ಬಸ, ಕಾಲೂತ, ಎದೆನೋವು ಮುಂತಾದ ಲಕ್ಷಣಗಳು ಇತರ ಹೃದ್ರೋಗಗಳಲ್ಲಿಯೂ ಕಾಣಿಸುತ್ತವೆ. ಸಾರ್ಕೋಮಾದ ಒಂದು ಬಗೆಯಾದ ಆಂಜಿಯೊಸಾರ್ಕೋಮಾ ಸಾಮಾನ್ಯವಾಗಿ ಬಲ ಹೃತ್ಕರ್ಣದಲ್ಲಿ ಹುಟ್ಟುತ್ತದೆ. ಇದರಿಂದ ಹೃದಯಾವರಣದೊಳಗೆ ರಕ್ತಮಿಶ್ರಿತ ದ್ರವ ತುಂಬಬಹುದು. ಭಾರತದಲ್ಲಿ ಇಂತಹ ದ್ರವ ತುಂಬಲು ಕ್ಷಯರೋಗವೂ ಮುಖ್ಯ ಕಾರಣವಾಗಿದೆ. ಆದುದರಿಂದ ಕ್ಷಯವೆಂದು ಚಿಕಿತ್ಸೆ ನಡೆದು, ಕ್ಯಾನ್ಸರ್ ತಡವಾಗಿ ಪತ್ತೆಯಾಗುವ ಸಂಭವವಿರುತ್ತದೆ.

ವಿಧಾನಗಳು

ಎಕೋ: ಶ್ರವಣಾತೀತ ಧ್ವನಿತರಂಗಗಳನ್ನು ಬಳಸುವ ಮೊದಲ ಹಂತದ ಪರೀಕ್ಷೆ. ಸ್ವೀಡನ್ನಿನ ಲುಂಡ್ ನಗರದಲ್ಲಿ ಇಂಗೆ ಎಡ್ಲರ್ ಮತ್ತು ಕಾರ್ಲ್ ಹೆಲ್ಮುತ್ ಹರ್ಟ್ಸ್ 1953ರಲ್ಲಿ ಇದನ್ನು ಆರಂಭಿಸಿದರು. ಬಡಿಯುತ್ತಿರುವ ಹೃದಯದಲ್ಲಿ ಗೆಡ್ಡೆಯ ಸ್ಥಾನ ಮತ್ತು ಚಲನೆಯನ್ನು ಇದು ತೋರಿಸುತ್ತದೆ. ಕ್ಯಾನ್ಸರ್ ಅಲ್ಲದ ಮಿಕ್ಸೋಮಾ ಹೆಚ್ಚಾಗಿ ಎಡ ಹೃತ್ಕರ್ಣದ ನಡುಗೋಡೆಗೆ ತೊಟ್ಟಿನಿಂದ ಅಂಟಿಕೊಂಡಿರುತ್ತದೆ. ಅಗಲವಾದ ಬುಡ, ಅಸ್ಪಷ್ಟ ಅಂಚು, ಅಕ್ಕಪಕ್ಕದ ಭಾಗಗಳಿಗೆ ನುಗ್ಗಿರುವುದು ಕ್ಯಾನ್ಸರಿನ ಸೂಚನೆಗಳು.

ಸಿ.ಟಿ. ಸ್ಕ್ಯಾನ್: ಗೆಡ್ಡೆಯಲ್ಲಿನ ಸುಣ್ಣದಂಶ, ಹೃದಯದ ರಕ್ತನಾಳಗಳೊಡನೆ ಗೆಡ್ಡೆಗಿರುವ ಸಂಬಂಧ ಮತ್ತು ಶ್ವಾಸಕೋಶಕ್ಕೆ ರೋಗ ಹರಡಿದೆಯೇ ಎಂಬುದನ್ನು ತಿಳಿಸುತ್ತದೆ.

ಎಂ.ಆರ್.ಐ.: ಗೆಡ್ಡೆಯನ್ನೂ ರಕ್ತದ ಹೆಪ್ಪನ್ನೂ ಬೇರ್ಪಡಿಸಿ ತೋರಿಸಲು ವಿಶೇಷವಾಗಿ ಉಪಯುಕ್ತ. ಗ್ಯಾಡೋಲಿನಿಯಂ ದ್ರಾವಣವನ್ನು ರಕ್ತನಾಳಕ್ಕೆ ಚುಚ್ಚಿದಾಗ, ರಕ್ತಸಂಚಾರವುಳ್ಳ ಗೆಡ್ಡೆ ಚಿತ್ರದಲ್ಲಿ ಬೆಳ್ಳಗೆ ಕಾಣುತ್ತದೆ. ಹೆಪ್ಪು ಸಾಮಾನ್ಯವಾಗಿ ಕಪ್ಪಾಗಿಯೇ ಉಳಿಯುತ್ತದೆ.

ಪೆಟ್ ಸ್ಕ್ಯಾನ್: ವಿಕಿರಣಶೀಲ ಗ್ಲೂಕೋಸನ್ನು ಹೆಚ್ಚಾಗಿ ಹೀರುವ ಜೀವಕೋಶಗಳನ್ನು ಗುರುತಿಸುತ್ತದೆ. ಆರೋಗ್ಯವಂತ ಹೃದಯಸ್ನಾಯುವೂ ಗ್ಲೂಕೋಸನ್ನು ಬಳಸುವುದರಿಂದ, ಪರೀಕ್ಷೆಗೆ ಮುನ್ನ ಅನ್ನ, ಸಕ್ಕರೆಗಳನ್ನು ಬಿಟ್ಟ ಆಹಾರ ಮತ್ತು ಉಪವಾಸವನ್ನು ಸೂಚಿಸಲಾಗುತ್ತದೆ.

ಬೆಂಗಳೂರಿನ ಹೊರವಲಯದಲ್ಲಿ

ಈ ರೋಗದ ನಿರ್ಣಯಕ್ಕೆ ಹೃದ್ರೋಗ, ವಿಕಿರಣಶಾಸ್ತ್ರ ಮತ್ತು ಕ್ಯಾನ್ಸರ್ ತಜ್ಞರು ಒಟ್ಟಾಗಿ ಕೆಲಸಮಾಡಬೇಕಾಗುತ್ತದೆ. ಎಲೆಕ್ಟ್ರಾನಿಕ್ ಸಿಟಿಗೆ ಸಮೀಪದ ಬೊಮ್ಮಸಂದ್ರದಲ್ಲಿ ಡಾ. ದೇವಿ ಶೆಟ್ಟಿ ಸ್ಥಾಪಿಸಿದ ನಾರಾಯಣ ಹೃದಯಾಲಯದ ಆವರಣದಲ್ಲಿಯೇ 2009ರಲ್ಲಿ ಮಜುಂದಾರ್ ಶಾ ಕ್ಯಾನ್ಸರ್ ಆಸ್ಪತ್ರೆ ಆರಂಭವಾಯಿತು. ವೈಟ್‌ಫೀಲ್ಡ್‌ನಲ್ಲಿ 2001ರಲ್ಲಿ ತೆರೆದ ಶ್ರೀ ಸತ್ಯಸಾಯಿ ಉನ್ನತ ವೈದ್ಯಕೀಯ ವಿಜ್ಞಾನ ಸಂಸ್ಥೆಯು ಹೃದಯ ಚಿಕಿತ್ಸೆಯನ್ನು ಉಚಿತವಾಗಿ ನೀಡುತ್ತದೆ. ವೈದ್ಯಕೀಯ ಚಿತ್ರಣ ಯಂತ್ರಗಳ ತಯಾರಿಕೆಯೂ ವೈಟ್‌ಫೀಲ್ಡ್‌ನಲ್ಲಿ ನಡೆಯುತ್ತದೆ. ಅಲ್ಲಿನ ವಿಪ್ರೊ ಜಿ.ಇ. ಹೆಲ್ತ್‌ಕೇರ್ ಸಂಸ್ಥೆ 1990ರಲ್ಲಿ ಸ್ಥಾಪನೆಯಾಯಿತು.

ಮಿತಿಗಳು

ಚಿತ್ರಣವು ಗೆಡ್ಡೆಯ ಸ್ವಭಾವವನ್ನು ಸೂಚಿಸುತ್ತದೆಯೇ ಹೊರತು ಖಚಿತಪಡಿಸುವುದಿಲ್ಲ. ಅದರ ನಿಶ್ಚಿತ ಬಗೆ ತಿಳಿಯುವುದು ಗೆಡ್ಡೆಯ ತುಣುಕಿನ ಪರೀಕ್ಷೆಯಾದ ಬಯಾಪ್ಸಿಯಿಂದ ಅಥವಾ ಶಸ್ತ್ರಚಿಕಿತ್ಸೆಯ ಬಳಿಕ. ಮಿಕ್ಸೋಮಾವನ್ನು ತೆಗೆದರೆ ರೋಗಿ ಸಾಮಾನ್ಯವಾಗಿ ಗುಣಮುಖನಾಗುತ್ತಾನೆ. ಸಾರ್ಕೋಮಾ ಬೇಗನೆ ಹರಡುವುದರಿಂದ, ಪೂರ್ತಿಯಾಗಿ ತೆಗೆಯಲು ಸಾಧ್ಯವಿರುವಾಗಲೇ ಅದನ್ನು ಪತ್ತೆಹಚ್ಚುವುದು ಮುಖ್ಯವಾಗಿದೆ.